ಹಳೆಯ ಮಾತು, ಹಿತ್ತಿಲ ಮಣ್ಣು

ತೋಟಗಾರಿಕೆಯಲ್ಲಿ ಹಿರಿಯರ ಬುದ್ಧಿಮಾತುಗಳನ್ನು ಕುರಿತು ಎರಡು ಪಂಥಗಳುಂಟು. ಹಳೆಯದೆಲ್ಲ ಹೊನ್ನೆಂಬುದು ಒಂದು. ಹಳೆಯದೆಲ್ಲ ಮೌಢ್ಯವೆಂಬುದು ಇನ್ನೊಂದು. ಎರಡಕ್ಕೂ ವಿಚಾರದ ಶ್ರಮ ಬೇಡ.

ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಎಡೆಗೊಟ್ಟನು. ಆ ವಿದ್ಯೆಯ ಪರಂಪರೆಯಲ್ಲಿ ಕವಿಸಮಯವೂ ಅನುಭವವೂ ಬೆರೆತಿವೆ. ತರುಣಿಯ ಪಾದಾಘಾತದಿಂದ ಅಶೋಕ ಅರಳುವುದೆಂಬುದು ಕಾವ್ಯಕ್ಕೆ ಸೊಗಸು. ತೋಟಿಗನಿಗೆ ಅದರಿಂದ ಪ್ರಯೋಜನವಿಲ್ಲ. ಇಂಥದನ್ನು ಬೇರ್ಪಡಿಸುವುದು ಸುಲಭ. ಅನುಭವದ ಮಾತನ್ನು ತೂಗುವುದೇ ಕಷ್ಟ.

ಗಿಡದ ಬುಡಕ್ಕೆ ಒಲೆಯ ಬೂದಿ ಹಾಕಬೇಕೆಂಬ ಮನೆಮಾತನ್ನೇ ನೋಡೋಣ. ಸೌದೆಯ ಬೂದಿಯಲ್ಲಿ ಪೊಟ್ಯಾಷ್ ಉಂಟು, ಸುಣ್ಣದಂಶವೂ ಉಂಟು. ಮಲೆನಾಡಿನ ಜಡಿಮಳೆ ಮಣ್ಣಿನ ಸುಣ್ಣವನ್ನು ತೊಳೆದೊಯ್ದು ಅದನ್ನು ಹುಳಿಯಾಗಿಸುತ್ತದೆ. ಅಲ್ಲಿ ಹಿತಮಿತವಾದ ಬೂದಿ ಔಷಧ. ವಿಜಯಪುರದ ಕಡೆಯ ಎರೆಭೂಮಿ ಮೊದಲೇ ಕ್ಷಾರಗುಣದ್ದು. ಅಲ್ಲಿ ಬೂದಿ ಸುರಿಯುತ್ತ ಹೋದರೆ ಕಬ್ಬಿಣ, ಸತುವಿನ ಅಂಶಗಳು ಗಿಡಕ್ಕೆ ದಕ್ಕದೆ ಎಳೆಯ ಎಲೆಗಳು ಹಳದಿಗಟ್ಟುತ್ತವೆ. ಮಾತು ಒಂದೇ, ಒಂದೆಡೆ ಪಥ್ಯ, ಇನ್ನೊಂದೆಡೆ ಅಪಥ್ಯ.

ಹಾಗಾದರೆ ಅಜ್ಜಿ ಸುಳ್ಳಾಡಿದಳೆ? ಇಲ್ಲ. ಆಕೆ ತನ್ನ ಹಿತ್ತಿಲಿಗೆ ಹೇಳಿದಳು. ನಾವು ಅದನ್ನು ನಾಡಿಗೆಲ್ಲ ಹಂಚಿದೆವು. ಆಕೆಯ ಒಲೆಯಲ್ಲಿ ಬರಿಯ ಸೌದೆ ಉರಿಯುತ್ತಿತ್ತು. ಬಣ್ಣ ಬಳಿದ ಹಲಗೆಯ, ಪ್ಲಾಸ್ಟಿಕ್ ಕಸದ ಬೂದಿ ಅದಕ್ಕೆ ಸಮನಾಗದು.

ಹಿರಿಯರ ಮಾತನ್ನು ಅನುಸರಿಸುವ ಮುನ್ನ ಅದು ಹುಟ್ಟಿದ ಮಣ್ಣು ಯಾವುದೆಂದು ಕೇಳಬೇಕು. ಹಿಡಿ ಮಣ್ಣನ್ನು ಪರೀಕ್ಷೆಗೆ ಕಳುಹಿಸುವವನು ಅವರಿಗೆ ಅಗೌರವ ತೋರುವುದಿಲ್ಲ. ಅವರು ಬರಿಗಣ್ಣಿನಿಂದ ನಡೆಸಿದ ಪರೀಕ್ಷೆಯನ್ನು ಅವನು ಮುಂದುವರಿಸುತ್ತಾನೆ.