ಎರಡೂವರೆ ಡಾಲರ್‌ನ ಆಲ್ಬಮ್

2017ರಲ್ಲಿ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ‘ಅಗ್ರಿಮ’ ಆಲ್ಬಮನ್ನು ಯಾವ ಕಂಪನಿಯ ಹಂಗೂ ಇಲ್ಲದೆ ತಾವೇ ಹೊರತಂದರು. ಡೌನ್‌ಲೋಡ್ ಬೆಲೆ ಆಗ 2.50 ಡಾಲರ್. ಗಿಟಾರ್‌ಗೆ ರೆಜ್ ಅಬ್ಬಾಸಿ, ತಬಲ ಮತ್ತು ಡ್ರಮ್ಸ್‌ಗೆ ಡ್ಯಾನ್ ವೈಸ್. ಇದೇ ಮೂವರ ಹಿಂದಿನ ಆಲ್ಬಮ್ ‘ಆಪ್ತಿ’ ಬಂದದ್ದು 2008ರಲ್ಲಿ.

ಈ ಬೆಲೆಯ ಪಕ್ಕದಲ್ಲಿ ಇನ್ನೊಂದು ಮೊತ್ತವನ್ನು ಇಟ್ಟು ನೋಡಬೇಕು. 2013ರಲ್ಲಿ ಮಹಂತಪ್ಪ ಅವರಿಗೆ ಸಂದ ಡೋರಿಸ್ ಡ್ಯೂಕ್ ಪ್ರಶಸ್ತಿಯಲ್ಲಿ ಷರತ್ತಿಲ್ಲದ ಹಣವೇ 2,25,000 ಡಾಲರ್, ಕೆಲವು ವರ್ಷಗಳಲ್ಲಿ ಹಂಚಿ ಕೊಡುವಂಥದ್ದು. ಅಷ್ಟನ್ನು ‘ಅಗ್ರಿಮ’ದ ದರದಲ್ಲಿ ದುಡಿಯಲು 90,000 ಡೌನ್‌ಲೋಡ್ ಮಾರಬೇಕು, ಅದೂ ಸ್ಟುಡಿಯೊ ಬಾಡಿಗೆ, ಜೊತೆಗಾರರ ಪಾಲು ಯಾವುದನ್ನೂ ಕಳೆಯದೆ. ಜಾಝ್‌ನಂಥ ಸಣ್ಣ ಮಾರುಕಟ್ಟೆಯಲ್ಲಿ ಇದು ಎಟುಕುವ ಲೆಕ್ಕವಲ್ಲ. ಆಲ್ಬಮ್ ಮಾರಾಟ ಈ ಸಂಗೀತವನ್ನು ಸಾಕುವುದಿಲ್ಲ, ಫೆಲೋಶಿಪ್ ಮತ್ತು ಪಾಠ ಸಾಕುತ್ತವೆ ಎಂಬುದೇ ನನ್ನ ಎಣಿಕೆ.

ಫೆಲೋಶಿಪ್ ಹಣ ಎಲ್ಲಿಗೆ ಹೋಯಿತು ಎಂಬುದಕ್ಕೂ ಸಾಕ್ಷಿಯಿದೆ. 2007ರ ಗುಗೆನ್‌ಹೈಮ್ ಫೆಲೋಶಿಪ್ ಅವರನ್ನು ಕರ್ನಾಟಕ ಸಂಗೀತ ಕಲಿಯಲು ಚೆನ್ನೈಗೆ ಕರೆತಂದಿತು. ಆ ಕಲಿಕೆ ‘ಸಂಧಿ’ ಆಲ್ಬಮ್ ಆಗಿ ಕೇಳಿಸಿದ್ದು 2011ರಲ್ಲಿ. ನಾಲ್ಕು ವರ್ಷ ಹಿಡಿಯುವ ಇಂಥ ಕೆಲಸಕ್ಕೆ ಯಾವ ವ್ಯಾಪಾರಿ ಮುಂಗಡ ಕೊಟ್ಟಾನು?

1971ರಲ್ಲಿ ಇಟಲಿಯ ಟ್ರಿಯೆಸ್ಟ್‌ನಲ್ಲಿ ಹುಟ್ಟಿ ಅಮೆರಿಕದ ಬೋಲ್ಡರ್‌ನಲ್ಲಿ ಬೆಳೆದ ಮಹಂತಪ್ಪ ಅವರ ಮನೆತನ ಕರ್ನಾಟಕದ್ದು. 2004ರ ‘ಮದರ್ ಟಂಗ್’ನಲ್ಲಿ ಏಳು ಭಾಷೆಗಳ ಹೆಸರಿನ ರಚನೆಗಳಿವೆ, ಅದರಲ್ಲೊಂದು ‘ಕನ್ನಡ’. ನಮ್ಮವರು ಅದನ್ನು ಇನ್ನೂ ಹೆಚ್ಚಾಗಿ ಕೇಳಬೇಕಿತ್ತು. ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ಓದುವಾಗ ಅಣ್ಣನ ತಮಾಷೆಯ ಉಡುಗೊರೆಯಾಗಿ ಕೈಗೆ ಬಂದ, ಕರ್ನಾಟಕ ಸಂಗೀತದ ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರ ಧ್ವನಿಮುದ್ರಣ, ಕೊನೆಗೆ ಅದೇ ಕದ್ರಿಯವರೊಡನೆ ‘ಕಿನ್ಸ್‌ಮೆನ್’ (2008) ನುಡಿಸುವವರೆಗೆ ಬಂತು. ಎರಡು ಆಲ್ಟೊ ಸ್ಯಾಕ್ಸೊಫೋನ್, ಕನ್ಯಾಕುಮಾರಿಯವರ ಪಿಟೀಲು, ಪೂವಲೂರ್ ಶ್ರೀಜಿಯವರ ಮೃದಂಗ ಸೇರಿ ಒಟ್ಟು ಏಳು ಜನ. ಏಳು ಜನರ ಸಂಭಾವನೆ, ಖಂಡಾಂತರ ಪ್ರಯಾಣ: ತಂಡ ದೊಡ್ಡದಾದಷ್ಟೂ ಒಬ್ಬೊಬ್ಬರ ಪಾಲು ಚಿಕ್ಕದು.

2015ರ ‘ಬರ್ಡ್ ಕಾಲ್ಸ್’ ಐವರದ್ದು. ಡೌನ್‌ಬೀಟ್ ಪತ್ರಿಕೆಯ ವಿಮರ್ಶಕರು ಅದನ್ನು ವರ್ಷದ ಆಲ್ಬಮ್ ಎಂದು ಆರಿಸಿದರು. ಮರುವರ್ಷ, 2016ರಲ್ಲಿ, ಮಹಂತಪ್ಪ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ನಿರ್ದೇಶಕರಾದರು. ಬರ್ಕ್ಲೀಯ ಪದವಿ ಸಿಕ್ಕದ್ದು 1992ರಲ್ಲಿ. ಈ ಹುದ್ದೆ ಬರಲು 24 ವರ್ಷ ಬೇಕಾಯಿತು. ‘ಅಗ್ರಿಮ’ಕ್ಕೆ ಎರಡೂವರೆ ಡಾಲರ್ ಬೆಲೆ ಕಟ್ಟಿದ್ದು ಅದರ ಮರುವರ್ಷ.