ಒಳ್ಳೆಯ ಉದ್ದೇಶಕ್ಕೂ ಬೆಟ್ಟ ರಿಯಾಯಿತಿ ಕೊಡುವುದಿಲ್ಲ

ಬೇಸಿಗೆ ಬಂತೆಂದರೆ ಬ್ರಿಟನ್ನಿನ ಅನೇಕ ಕಚೇರಿಗಳಲ್ಲಿ ಒಂದು ಪ್ರಶ್ನೆ ಓಡಾಡುತ್ತದೆ: ‘ಥ್ರೀ ಪೀಕ್ಸ್‌ಗೆ ಯಾರು ಬರುತ್ತೀರಿ?’ ಸ್ಕಾಟ್ಲೆಂಡಿನ ಬೆನ್ ನೆವಿಸ್ (1,345 ಮೀಟರ್), ಇಂಗ್ಲೆಂಡಿನ ಸ್ಕಾಫೆಲ್ ಪೈಕ್ (978 ಮೀಟರ್), ವೇಲ್ಸ್‌ನ ಸ್ನೋಡನ್ (1,085 ಮೀಟರ್) – ಮೂರನ್ನೂ 24 ಗಂಟೆಯೊಳಗೆ ಹತ್ತಿ ಇಳಿಯಬೇಕು. ಪರಿಚಿತರಿಂದ ದೇಣಿಗೆ ಕೂಡಿಸಿ ಯಾವುದಾದರೂ ಸೇವಾ ಸಂಸ್ಥೆಗೆ ಕೊಡಬೇಕು. ಅಲ್ಲಿ ಕೆಲಸ ಮಾಡುವ ಕನ್ನಡಿಗರೂ ಸಹೋದ್ಯೋಗಿಗಳ ಜೊತೆ ಉತ್ಸಾಹದಿಂದ ಹೆಸರು ಕೊಡುತ್ತಾರೆ. ಕೊಡಬೇಕಾದದ್ದೇ. ಆದರೆ ಈ ಚಾರಣದ ಸುತ್ತ ಬೆಳೆದಿರುವ ಕೆಲವು ನಂಬಿಕೆಗಳು ಚಾರಣಿಗರಿಗೂ ಬೆಟ್ಟಕ್ಕೂ ಅಲ್ಲಿನ ಊರವರಿಗೂ ಹಾನಿ ಮಾಡುತ್ತಿವೆ. ಹೊರಡುವ ಮುನ್ನವೇ ಅವನ್ನು ತಿದ್ದಿಕೊಳ್ಳುವುದು ಒಳ್ಳೆಯದು.

ತಪ್ಪು ಕಲ್ಪನೆ: ಇವು ಬ್ರಿಟನ್ನಿನ ಅತಿ ಎತ್ತರದ ಮೂರು ಶಿಖರಗಳು.

ಸತ್ಯ: ಅಲ್ಲ. ಒಂದೊಂದೂ ತನ್ನ ನಾಡಿನಲ್ಲಿ ಮಾತ್ರ ಅತಿ ಎತ್ತರದ್ದು. ಬೆನ್ ನೆವಿಸ್ ನಂತರದ ಸ್ಥಾನ ಸ್ಕಾಟ್ಲೆಂಡಿನದೇ ಆದ ಬೆನ್ ಮಕ್‌ಡೂಯಿಯದು (1,309 ಮೀಟರ್). ಸ್ಕಾಫೆಲ್ ಪೈಕ್‌ಗಿಂತ ಎತ್ತರದ ಬೆಟ್ಟಗಳು ಸ್ಕಾಟ್ಲೆಂಡಿನಲ್ಲಿ ಬೇಕಾದಷ್ಟಿವೆ.

ತಪ್ಪು ಕಲ್ಪನೆ: ಮುಳ್ಳಯ್ಯನಗಿರಿಯೇ 1,930 ಮೀಟರ್. ಅದನ್ನು ಹತ್ತಿದವರಿಗೆ ಇದು ಯಾವ ಲೆಕ್ಕ?

ಸತ್ಯ: ನೋಡಬೇಕಾದದ್ದು ಶಿಖರದ ಎತ್ತರವನ್ನಲ್ಲ, ಕಾಲು ಏರುವ ಎತ್ತರವನ್ನು. ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಬೆನ್ ನೆವಿಸ್‌ನ ಹಾದಿ ಶುರುವಾಗುವುದು ಬಹುತೇಕ ಸಮುದ್ರಮಟ್ಟದಲ್ಲಿ. ಅಲ್ಲಿಂದ 1,300 ಮೀಟರಿಗೂ ಹೆಚ್ಚು ನಡೆದೇ ಏರಬೇಕು. ಮೂರೂ ಬೆಟ್ಟ ಸೇರಿದರೆ ಏರಿಕೆ ಸುಮಾರು 3,000 ಮೀಟರ್, ನಡಿಗೆ ಸುಮಾರು 37 ಕಿಲೋಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಇದರ ಭಾರ ಅರ್ಥವಾದೀತು.

ತಪ್ಪು ಕಲ್ಪನೆ: 24 ಗಂಟೆ ಧಾರಾಳವಾಗಿ ಸಾಕು.

ಸತ್ಯ: ಲೆಕ್ಕ ಹಾಕಿ ನೋಡೋಣ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಪ್ರತಿ 5 ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಈ ಪ್ರಕಾರ 37 ಕಿಲೋಮೀಟರಿಗೆ ಏಳೂವರೆ ಗಂಟೆ, ಏರಿಕೆಗೆ ಐದು ಗಂಟೆ, ಒಟ್ಟು ಹನ್ನೆರಡೂವರೆ. ಬೆಟ್ಟದಿಂದ ಬೆಟ್ಟಕ್ಕೆ ಸುಮಾರು 740 ಕಿಲೋಮೀಟರ್ ರಸ್ತೆ ಪ್ರಯಾಣಕ್ಕೆ ಹತ್ತು ಗಂಟೆ ಬೇಕು. ಉಳಿದದ್ದು ಒಂದೂವರೆ ಗಂಟೆ. ಊಟ, ಶೌಚ, ಒದ್ದೆ ಬಟ್ಟೆ ಬದಲಿಸುವುದು, ಯಾರದೋ ಕಾಲು ಉಳುಕುವುದು, ರಸ್ತೆ ಕಾಮಗಾರಿ – ಎಲ್ಲವೂ ಅಷ್ಟರಲ್ಲೇ ಆಗಬೇಕು. ನೇಸ್ಮಿತ್ ಸೂತ್ರ ಗಟ್ಟಿ ನಡಿಗೆಯವರಿಗೆ ಹೊಂದುವಂಥದ್ದು. ವಿಶ್ರಾಂತಿಯನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಈ ಅವಸರದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಕಾದಿರುವುದು ರಸ್ತೆಯಲ್ಲಿ. ಬೆಟ್ಟ ಇಳಿದು ಬಂದು ನಿದ್ದೆಗೆಟ್ಟವರು ರಾತ್ರಿಯಲ್ಲಿ ಮಿನಿಬಸ್ ಓಡಿಸಕೂಡದು. ಬೆಟ್ಟ ಹತ್ತದ, ಸರದಿಯಲ್ಲಿ ನಿದ್ದೆ ಮಾಡುವ ಇಬ್ಬರು ಚಾಲಕರು ತಂಡಕ್ಕೆ ಬೇಕೇ ಬೇಕು.

ತಪ್ಪು ಕಲ್ಪನೆ: ಜೂನ್ ತಿಂಗಳು, ಟೀ ಶರ್ಟ್, ಜೀನ್ಸ್ ಸಾಕು.

ಸತ್ಯ: ಸಾವಿರ ಮೀಟರ್ ಮೇಲೇರಿದಂತೆ ಉಷ್ಣತೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಮೇಲೆ ಗಾಳಿಯೂ ಮಳೆಯೂ ಸೇರುತ್ತವೆ. 1883ರಿಂದ 1904ರವರೆಗೆ ಬೆನ್ ನೆವಿಸ್ ನೆತ್ತಿಯಲ್ಲೇ ಒಂದು ಹವಾಮಾನ ವೀಕ್ಷಣಾಲಯವಿತ್ತು. ಅದರ ದಾಖಲೆಗಳ ಪ್ರಕಾರ ಅಲ್ಲಿನ ವಾರ್ಷಿಕ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿಯ ಆಸುಪಾಸು. ಒದ್ದೆಯಾದ ಹತ್ತಿ ಬಟ್ಟೆ ಮೈಯ ಬಿಸಿಯನ್ನು ಉಳಿಸುವುದಿಲ್ಲ. ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ, ಮೇಲೆ ನೀರು ಇಳಿಯದ ಜಾಕೆಟ್ ಬೇಕು. ಮೋಡ ಮುಸುಕಿದಾಗ ಬೆನ್ ನೆವಿಸ್ ನೆತ್ತಿಯಲ್ಲಿ ದಾರಿ ಕಾಣುವುದಿಲ್ಲ, ಅದರ ಉತ್ತರದ ಅಂಚೋ ನೂರಾರು ಮೀಟರಿನ ಪ್ರಪಾತ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿದುಹೋಗುತ್ತದೆ. ಆದ್ದರಿಂದ ಕಾಗದದ ನಕ್ಷೆ, ದಿಕ್ಸೂಚಿ, ಇವೆರಡನ್ನೂ ಬಳಸಬಲ್ಲ ಒಬ್ಬರು ತಂಡದಲ್ಲಿರಬೇಕು.

ತಪ್ಪು ಕಲ್ಪನೆ: ಗಟ್ಟಿಗರು ಮುಂದೆ ಹೋಗಲಿ, ಉಳಿದವರು ಹಿಂದಿನಿಂದ ಬರಲಿ.

ಸತ್ಯ: ತಂಡದ ವೇಗವೆಂದರೆ ಅದರಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ. ಕತ್ತಲಲ್ಲಿ ತಂಡ ಒಡೆದರೆ ಹಿಂದುಳಿದವರ ಬಳಿ ನಕ್ಷೆಯೂ ಇರದು, ಧೈರ್ಯವೂ ಉಳಿಯದು. ಕಚೇರಿಯ ತಂಡಗಳಲ್ಲಿ ಇನ್ನೊಂದು ಕಷ್ಟವಿದೆ: ಮ್ಯಾನೇಜರ್ ಮುಂದೆ ನಡೆಯುತ್ತಿರುವಾಗ ‘ನನ್ನಿಂದ ಆಗುತ್ತಿಲ್ಲ’ ಎನ್ನಲು ಕಿರಿಯರಿಗೆ ಬಾಯಿ ಬರುವುದಿಲ್ಲ. ಅರ್ಧಕ್ಕೇ ಹಿಂದಿರುಗಿದರೆ ಅವಮಾನವಲ್ಲ ಎಂಬ ಮಾತನ್ನು ಹಿರಿಯರೇ ಹೊರಡುವ ಮೊದಲು ಎಲ್ಲರೆದುರು ಹೇಳಿಬಿಡಬೇಕು. ದಣಿದ ಕಾಲು ಎಡವುವುದು ಇಳಿಯುವಾಗಲೇ ಹೆಚ್ಚು. ಆದ್ದರಿಂದ ಶಕ್ತಿಯನ್ನೆಲ್ಲ ಹತ್ತುವುದರಲ್ಲೇ ಮುಗಿಸಬಾರದು.

ತಪ್ಪು ಕಲ್ಪನೆ: ಏನಾದರೂ ಆದರೆ ಸರ್ಕಾರದ ರಕ್ಷಣಾ ಪಡೆ ಇದ್ದೇ ಇದೆ.

ಸತ್ಯ: 999ಕ್ಕೆ ಕರೆ ಮಾಡಿ ಮೊದಲು ಪೊಲೀಸರನ್ನು, ನಂತರ ಮೌಂಟನ್ ರೆಸ್ಕ್ಯೂವನ್ನು ಕೇಳಿದರೆ ಸಹಾಯ ಬರುತ್ತದೆ, ಅದೂ ಉಚಿತವಾಗಿ. ಆದರೆ ನಡೆದು ಬರುವವರು ಸಂಬಳದ ನೌಕರರಲ್ಲ. ಈ ಮೂರು ಬೆಟ್ಟಗಳಲ್ಲಿ ರಕ್ಷಣೆಗೆ ಬರುವ ಲೊಖಾಬರ್, ವಾಸ್ಡೇಲ್, ಲಾನ್‌ಬೆರಿಸ್ ತಂಡಗಳಲ್ಲಿರುವವರು ಸುತ್ತಮುತ್ತಲಿನ ಸ್ವಯಂಸೇವಕರು. ಹಾಸಿಗೆ ಬಿಟ್ಟು, ಹೊಟ್ಟೆಪಾಡಿನ ಕೆಲಸ ಬಿಟ್ಟು ಬರುತ್ತಾರೆ. ಅವರ ತಂಡಗಳು ನಡೆಯುವುದೂ ಹೆಚ್ಚಾಗಿ ದೇಣಿಗೆಯಿಂದಲೇ. ಒಂದು ಸಂಸ್ಥೆಗೆ ನೆರವಾಗಲು ಹೊರಟು, ತಯಾರಿಯಿಲ್ಲದೆ ಇನ್ನೊಂದರ ಮೇಲೆ ಹೊರೆಯಾಗುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: ಒಂದು ರಾತ್ರಿ ಬಂದು ಹೋಗುವವರಿಂದ ಊರಿಗೇನು ತೊಂದರೆ?

ಸತ್ಯ: ಸಾಮಾನ್ಯ ವೇಳಾಪಟ್ಟಿಯಲ್ಲಿ ಸ್ಕಾಫೆಲ್ ಪೈಕ್ ಸರದಿ ಬರುವುದು ನಡುರಾತ್ರಿಯ ನಂತರ. ಅದರ ಬುಡದ ವಾಸ್ಡೇಲ್ ಹೆಡ್ ಕೆಲವೇ ಮನೆಗಳ ಕಣಿವೆ. ಬೇಸಿಗೆಯ ವಾರಾಂತ್ಯಗಳಲ್ಲಿ ಮಿನಿಬಸ್‌ಗಳ ಬಾಗಿಲು ಬಡಿಯುವ ಸದ್ದು, ಕೂಗಾಟ, ಕಸ, ಶೌಚಾಲಯವಿಲ್ಲದೆ ಆಗುವ ಹೊಲಸು – ಇವೆಲ್ಲ ಅಲ್ಲಿನವರ ಪಾಲಿಗೆ ಬರುತ್ತವೆ. ಬಾಳೆಹಣ್ಣಿನ ಸಿಪ್ಪೆ ತಾನೇ ಕೊಳೆಯುತ್ತದೆ ಎಂದು ಎಸೆಯುವವರಿದ್ದಾರೆ. ಆ ಚಳಿಯ ಎತ್ತರದಲ್ಲಿ ಅದು ಬಹುಕಾಲ ಹಾಗೆಯೇ ಬಿದ್ದಿರುತ್ತದೆ. ಸ್ಕಾಫೆಲ್ ಪೈಕ್ ಶಿಖರವನ್ನು 1919ರಲ್ಲಿ ನ್ಯಾಷನಲ್ ಟ್ರಸ್ಟ್‌ಗೆ ದಾನವಾಗಿ ಕೊಟ್ಟದ್ದು ಮೊದಲ ಮಹಾಯುದ್ಧದಲ್ಲಿ ಮಡಿದ ಆ ಸೀಮೆಯ ಜನರ ನೆನಪಿಗೆ. ಅಂಥ ನೆಲದಲ್ಲಿ ಮೌನವಾಗಿ, ಕಸ ಬಿಡದೆ ನಡೆಯುವುದು ಅತಿಥಿಯ ಕನಿಷ್ಠ ಕರ್ತವ್ಯ.

ತಪ್ಪು ಕಲ್ಪನೆ: ಕೂಡಿಸಿದ ಹಣವೆಲ್ಲ ಸಂಸ್ಥೆಗೇ ಸೇರುತ್ತದೆ.

ಸತ್ಯ: ಮಿನಿಬಸ್, ಇಂಧನ, ಮಾರ್ಗದರ್ಶಕರ ಖರ್ಚನ್ನು ಯಾರು ಕೊಡುತ್ತಾರೆ ಎಂಬುದರ ಮೇಲೆ ಅದು ನಿಂತಿದೆ. ಕೆಲವು ಏರ್ಪಾಡುಗಳಲ್ಲಿ ಆ ಖರ್ಚು ದೇಣಿಗೆಯಿಂದಲೇ ಕಳೆಯುತ್ತದೆ. ಚಾರಣಿಗರೇ ತಮ್ಮ ಖರ್ಚು ಭರಿಸಿ, ಅದನ್ನು ದಾನಿಗಳಿಗೆ ಮೊದಲೇ ತಿಳಿಸುವುದು ಉತ್ತಮ. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವ ದಾನಿ ಗಿಫ್ಟ್ ಏಡ್‌ಗೆ ಒಪ್ಪಿಗೆ ಕೊಟ್ಟರೆ, ಸಂಸ್ಥೆ ಪ್ರತಿ ಪೌಂಡಿಗೆ 25 ಪೆನ್ಸ್‌ನಂತೆ ಸರ್ಕಾರದಿಂದ ಹೆಚ್ಚುವರಿಯಾಗಿ ಪಡೆಯಬಹುದು. ಉದ್ಯೋಗಿಗಳು ಕೂಡಿಸಿದಷ್ಟೇ ಹಣವನ್ನು ತಾವೂ ಸೇರಿಸುವ ಕಂಪನಿಗಳಿವೆ. ಹೊರಡುವ ಮುನ್ನ ವಿಚಾರಿಸಿ.

ತಪ್ಪು ಕಲ್ಪನೆ: 24 ಗಂಟೆ ಮೀರಿದರೆ ಸವಾಲು ಸೋತಂತೆ.

ಸತ್ಯ: ಈ ಗಡುವು ಕಾನೂನಲ್ಲ, ರೂಢಿ ಮಾತ್ರ. ಮೂರು ಬೆಟ್ಟಗಳನ್ನು ಮೂರು ದಿನಗಳಲ್ಲಿ, ಹಗಲಲ್ಲಿ ಹತ್ತಬಹುದು. ಆಗ ರಾತ್ರಿ ಪ್ರಯಾಣವಿಲ್ಲ, ಊರಿನವರ ನಿದ್ದೆ ಕೆಡುವುದಿಲ್ಲ, ಅಲ್ಲೇ ಉಳಿದು ಉಂಡ ಹಣ ಆ ಊರಿಗೇ ಸೇರುತ್ತದೆ, ನಿಧಾನ ನಡೆಯುವ ಸಹೋದ್ಯೋಗಿಯೂ ಶಿಖರ ಮುಟ್ಟುತ್ತಾರೆ. ದಾನಿಗಳು ಹಣ ಕೊಡುವುದು ಒಳ್ಳೆಯ ಕೆಲಸವನ್ನು ನಂಬಿ, ಗಡಿಯಾರವನ್ನು ನೋಡಿ ಅಲ್ಲ. ನಿಮ್ಮ ಕಚೇರಿಯಲ್ಲಿ ಈ ಬಾರಿ ಥ್ರೀ ಪೀಕ್ಸ್ ಮಾತು ಬಂದರೆ ಮೂರು ದಿನಗಳ ಯೋಜನೆಯನ್ನು ಧೈರ್ಯವಾಗಿ ಮುಂದಿಡಿ.