ಸೊಟ್ಟಗಾದ ರೆಕಾರ್ಡ್ ನೆಟ್ಟಗಾಗುತ್ತಾ?

ಅಟ್ಟದ ಮೇಲಿಂದ ಹಳೇ ರೆಕಾರ್ಡ್ ಇಳಿಸಿದವರಿಗೆಲ್ಲ ಮೊದಲು ಕಾಣುವುದು ಧೂಳು. ಒರೆಸಿ ಟರ್ನ್‌ಟೇಬಲ್ ಮೇಲೆ ಇಟ್ಟಾಗ ಇನ್ನೊಂದು ಸಮಸ್ಯೆ ಗೊತ್ತಾಗುತ್ತದೆ: ರೆಕಾರ್ಡ್ ಹಪ್ಪಳದ ಹಾಗೆ ಸೊಟ್ಟಗಾಗಿದೆ. ತಿರುಗುವಾಗ ಮುಳ್ಳು ರೋಡ್ ಹಂಪ್ ಹತ್ತಿದಂತೆ ಏರಿಳಿಯುತ್ತದೆ. ಹಂಪ್ ದೊಡ್ಡದಿದ್ದರೆ ಹಾರಿ ಮುಂದಿನ ಗೆರೆಗೆ ಬೀಳುತ್ತದೆ. ಇದನ್ನು ಮನೆಯಲ್ಲೇ ಸರಿ ಮಾಡಬಹುದಾ? ಬಹಳಷ್ಟು ಸಲ ಮಾಡಬಹುದು. ಆದರೆ ಅವಸರ ಮಾಡಿದರೆ ಇರುವುದೂ ಹೋಗುತ್ತದೆ.

ನನ್ನ ಪಾಲಿಗೆ ಬಂದದ್ದು ಭೀಮಸೇನ ಜೋಶಿಯವರ ಒಂದು ಎಲ್‌ಪಿ. ಹುಬ್ಬಳ್ಳಿಯ ದೊಡ್ಡಪ್ಪ ಕೊಂಡದ್ದು. ಕವರಿನ ಹಿಂದೆ ನೀಲಿ ಶಾಯಿಯಲ್ಲಿ ಅವರ ಹೆಸರು, 'ಜುಲೈ 1974' ಅಂತ ಬರೆದಿದೆ. ಅವರು ತೀರಿಕೊಂಡ ಮೇಲೆ ಅದು ವರ್ಷಗಟ್ಟಲೆ ಬಿಸಿಲು ಬೀಳುವ ಕಿಟಕಿ ಪಕ್ಕ ಓರೆಯಾಗಿ ನಿಂತಿತ್ತು. 'ಮೊಬೈಲ್‌ನ್ಯಾಗ ಸಿಗ್ತದಲ್ಲೋ, ಯಾಕ ಇಷ್ಟು ತ್ರಾಸ ತಗೋತಿ?' ಎಂದರು ದೊಡ್ಡಮ್ಮ. ಮಾತು ನಿಜವೇ. ಆದರೆ ಮೊಬೈಲಿನಲ್ಲಿರುವುದು ದೊಡ್ಡಪ್ಪ ಕೇಳಿದ ಪ್ರತಿ ಅಲ್ಲವಲ್ಲ.

ಸೊಟ್ಟದ ತೊಂದರೆ ಸಿನಿಮಾ ಹಾಡಿಗಿಂತ ಶಾಸ್ತ್ರೀಯ ಸಂಗೀತದಲ್ಲಿ ಎದ್ದು ಕಾಣುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 1.8 ಸೆಕೆಂಡ್. ಹಾಡಿನ ಗದ್ದಲದಲ್ಲಿ ಸಣ್ಣ ಅಲುಗಾಟ ಮುಚ್ಚಿಹೋಗಬಹುದು. ಆಲಾಪದಲ್ಲಿ ಗಾಯಕರು ಷಡ್ಜ ಹಿಡಿದು ನಿಂತಾಗ ಮಾತ್ರ 1.8 ಸೆಕೆಂಡಿಗೊಮ್ಮೆ ಸ್ವರ ತೂಗಿದಂತೆ ಕೇಳುತ್ತದೆ.

ಮೊದಲು ರೋಗ ಯಾವುದು ನೋಡಿ

ಸ್ವರ ತೂಗಿದರೆ ಸೊಟ್ಟವೇ ಕಾರಣ ಎನ್ನುವಂತಿಲ್ಲ. ರೆಕಾರ್ಡ್ ತಿರುಗುವಾಗ ಪಕ್ಕದಿಂದ ನೋಡಿ. ಮುಳ್ಳು ಮೇಲೆ-ಕೆಳಗೆ ಆಡಿದರೆ ಅದು ಸೊಟ್ಟ. ಎಡ-ಬಲಕ್ಕೆ ಆಡಿದರೆ ನಡುವಿನ ತೂತು ಸರಿಯಾದ ಜಾಗದಲ್ಲಿಲ್ಲ ಎಂದರ್ಥ. ಎಷ್ಟು ಒತ್ತಿದರೂ ಅದು ಸರಿಹೋಗದು.

ಸೊಟ್ಟವಿದ್ದೂ ಹಾಡು ಚೆನ್ನಾಗಿಯೇ ಕೇಳುತ್ತಿದ್ದರೆ ಸುಮ್ಮನೆ ಬಿಟ್ಟುಬಿಡಿ. ನಡುವಿನಲ್ಲಿ ಕೂರಿಸುವ ಕ್ಲ್ಯಾಂಪ್ ಹಾಕಿದರೆ ತಟ್ಟೆಯಂತೆ ಬಾಗಿದ ರೆಕಾರ್ಡ್ ಎಷ್ಟೋ ಸಲ ಚಪ್ಪಟೆಯಾಗಿ ಕೂರುತ್ತದೆ. ಅಂಚು ಮಾತ್ರ ಎದ್ದಿದ್ದರೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಇನ್ನೊಂದು ಮುಖ್ಯ ವಿಷಯ. ಲೇಬಲ್ ಮೇಲೆ 78 ಎಂದಿದ್ದರೆ ಅದು ಬಹುತೇಕ ವಿನೈಲ್ ಅಲ್ಲ, ಅರಗು ಬೆರೆಸಿ ಮಾಡಿದ ರೆಕಾರ್ಡ್. ನಮ್ಮ ದೇಶದಲ್ಲಿ 1960ರ ದಶಕದಲ್ಲೂ ಇವು ಬರುತ್ತಿದ್ದವು. ಭಾರ ಹೇರಿದರೆ ಬಳೆಯಂತೆ ಒಡೆಯುತ್ತವೆ. ಕೆಳಗಿನ ವಿಧಾನ ಅವಕ್ಕಲ್ಲ.

ಬಿಸಿ ಯಾಕೆ ಬೇಕು?

ಕಾರ್ಖಾನೆಯಲ್ಲಿ ವಿನೈಲನ್ನು ಕಾಯಿಸಿ ಮೆತ್ತಗೆ ಮಾಡಿ, ಅಚ್ಚಿನ ನಡುವೆ ಭಾರೀ ಒತ್ತಡದಲ್ಲಿ ಒತ್ತಿ, ತಣಿಸುತ್ತಾರೆ. ತಣಿದಾಗ ಇದ್ದ ಆಕಾರವೇ ಅದಕ್ಕೆ ಕಾಯಂ. ಕಿಟಕಿ ಬಿಸಿಲಿಗೋ ಕಾರಿನ ಕಾವಿಗೋ ಸ್ವಲ್ಪ ಮೆತ್ತಗಾದಾಗ ತನ್ನ ಭಾರಕ್ಕೇ ಬಾಗುತ್ತದೆ. ತಣಿದ ಮೇಲೆ ಆ ಬಾಗು ಕಾಯಂ ಆಗುತ್ತದೆ. ನೆಟ್ಟಗೆ ಮಾಡುವುದೆಂದರೆ ಇದೇ ಕೆಲಸವನ್ನು ಬೇಕೆಂದೇ ಮಾಡುವುದು: ಚಪ್ಪಟೆಯಾಗಿ ಹಿಡಿದು, ಹದವಾಗಿ ಬೆಚ್ಚಗೆ ಮಾಡಿ, ಹಿಡಿದಂತೆಯೇ ತಣಿಸುವುದು.

ಇಲ್ಲೇ ಅಪಾಯವೂ ಇರುವುದು. 60 ಡಿಗ್ರಿ ಸೆಲ್ಸಿಯಸ್ ದಾಟುತ್ತಾ ಹೋದಂತೆ ವಿನೈಲ್ ಜೊತೆಗೆ ಗೆರೆಗಳ ಗೋಡೆಯೂ ಮೆತ್ತಗಾಗುತ್ತದೆ. ಕೂದಲೆಳೆಯಷ್ಟು ಸಣ್ಣ ಆ ಗೆರೆಯಲ್ಲೇ ಸಂಗೀತ ಇರುವುದು. ಹಾಗಾಗಿ ಸೂತ್ರ ಇಷ್ಟೇ: ಕಾವು ಕಡಿಮೆ, ಸಮಯ ಜಾಸ್ತಿ.

ನಾನು ಮಾಡಿದ ಕ್ರಮ

ನಮ್ಮ ಕೆಲಸದಲ್ಲಿ ಲೈವ್ ಸಿಸ್ಟಂ ಮುಟ್ಟುವ ಮುಂಚೆ ಬ್ಯಾಕಪ್ ತಗೊಳ್ತೀವಲ್ಲ, ಇಲ್ಲೂ ಹಾಗೆಯೇ. ರೆಕಾರ್ಡ್ ಹೇಗೋ ಓಡುತ್ತಿದ್ದರೆ ಮೊದಲು ಅದನ್ನು ಕಂಪ್ಯೂಟರಿಗೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ನಂತರ ಪ್ರಯೋಗಕ್ಕೆ ಒಂದು ಕೆಲಸಕ್ಕೆ ಬಾರದ ರೆಕಾರ್ಡ್ ಹುಡುಕಿ. ನಾನು ಬೆಂಗಳೂರಿನ ಸಂಡೇ ಬಜಾರಿನಿಂದ ಗೀರು ಬಿದ್ದ ಒಂದನ್ನು ತಂದು ಮೊದಲು ಅದರ ಮೇಲೆ ಪರೀಕ್ಷೆ ಮಾಡಿದೆ.

ಗಾಜಿನ ಅಂಗಡಿಯಲ್ಲಿ 33 ಸೆಂ.ಮೀ. ಚೌಕದ, 8 ಮಿ.ಮೀ. ದಪ್ಪದ ಎರಡು ಟಫನ್ಡ್ ಗ್ಲಾಸ್ ಮಾಡಿಸಿದೆ. ಒಂದೊಂದೂ ಎರಡು ಕೆಜಿಗಿಂತ ಸ್ವಲ್ಪ ಹೆಚ್ಚು. ಮೇಲಿನ ಗಾಜಿನ ಭಾರವೇ ಸಾಕು, ಇಟ್ಟಿಗೆ-ಗಿಟ್ಟಿಗೆ ಬೇಡ. ಎಲ್‌ಪಿಯ ಅಂಚು ಮತ್ತು ಲೇಬಲ್ ಜಾಗ ಸಾಮಾನ್ಯವಾಗಿ ತುಸು ದಪ್ಪ ಇರುವುದರಿಂದ ಗಾಜು ಗೆರೆಗಳ ಮೇಲೆ ನೇರ ಒತ್ತುವುದೂ ಕಡಿಮೆ.

ರೆಕಾರ್ಡನ್ನು ಡಿಸ್ಟಿಲ್ಡ್ ವಾಟರ್‌ನಿಂದ ಒರೆಸಿ ಪೂರ್ತಿ ಒಣಗಿಸಿದೆ. ಒಂದು ಕಣ ಮರಳಿದ್ದರೂ ಗಾಜು ಅದನ್ನು ಗೆರೆಯೊಳಗೆ ಒತ್ತುತ್ತದೆ. ಸಣ್ಣ ಓಟಿಜಿಯಲ್ಲಿ ಈ ಗಾಜು ಹಿಡಿಸದು. ಅಕ್ಕನ ಮನೆಯ ದೊಡ್ಡ ಓವನ್‌ನಲ್ಲಿ, ತಣ್ಣಗಿರುವಾಗಲೇ ಗಾಜು-ರೆಕಾರ್ಡ್-ಗಾಜು ಜೋಡಿಸಿಟ್ಟು 55 ಡಿಗ್ರಿಗೆ ಹಾಕಿದೆ. ಓವನ್ ಗುಂಡಿಯನ್ನು ನಂಬಬೇಡಿ. ಒಳಗೆ ಬೇರೆ ಥರ್ಮಾಮೀಟರ್ ಇಡಿ. ದಪ್ಪ ಗಾಜು ಕಾಯುವುದಕ್ಕೇ ಹೊತ್ತು ಬೇಕು. ಎರಡು ಗಂಟೆ ಬಿಟ್ಟು ಆಫ್ ಮಾಡಿ, ಬಾಗಿಲು ತೆಗೆಯದೆ ಇಡೀ ರಾತ್ರಿ ಹಾಗೇ ಬಿಟ್ಟೆ. ಬಿಸಿ ಗಾಜನ್ನು ತಣ್ಣನೆ ಗ್ರಾನೈಟ್ ಕಟ್ಟೆ ಮೇಲೆ ಇಡಬೇಡಿ, ನಡುವೆ ತೆಗೆದು ನೋಡಲೂ ಬೇಡಿ. ತಣಿಯುವ ಮುಂಚೆ ತೆಗೆದರೆ ಮತ್ತೆ ಬಾಗುತ್ತದೆ.

ಮೈಕ್ರೋವೇವ್, ಇಸ್ತ್ರಿಪೆಟ್ಟಿಗೆ, ಹೇರ್ ಡ್ರೈಯರ್ ಬೇಡವೇ ಬೇಡ. ತಾರಸಿ ಬಿಸಿಲಿನಲ್ಲಿ ಗಾಜಿನ ನಡುವೆ ಇಡುವವರಿದ್ದಾರೆ. ಕಪ್ಪು ರೆಕಾರ್ಡ್ ಬಿಸಿಲನ್ನು ಹೀರುತ್ತದೆ, ಕಾವು ಎಲ್ಲಿಗೆ ಹೋಗುತ್ತದೆಂದು ನಮ್ಮ ಕೈಯಲ್ಲಿರುವುದಿಲ್ಲ. ಓವನ್ ಬೇಡ ಎನ್ನುವವರಿಗೆ ಇದೇ ಕೆಲಸಕ್ಕೆಂದು ಮಾಡಿದ ವಿನೈಲ್ ಫ್ಲ್ಯಾಟ್‌ನಂಥ ಸಾಧನಗಳಿವೆ. ಒಂದೆರಡು ರೆಕಾರ್ಡಿಗಾಗಿ ಕೊಳ್ಳುವುದಾದರೆ ಬೆಲೆ ನೋಡಿಕೊಂಡು ಯೋಚಿಸಿ.

ಫಲ ಏನಾಯ್ತು?

ಮೊದಲು ಸುಮಾರು 4 ಮಿ.ಮೀ. ಎದ್ದಿದ್ದ ಅಂಚು 2ಕ್ಕೆ ಇಳಿಯಿತು. ಕಾವು ಹೆಚ್ಚಿಸದೆ ಅದೇ ಕ್ರಮ ಇನ್ನೊಮ್ಮೆ ಮಾಡಿದಾಗ 1 ಮಿ.ಮೀ.ಗೆ ಬಂತು. ಅಲ್ಲಿಗೆ ನಿಲ್ಲಿಸಿದೆ. ಹೊಸ ರೆಕಾರ್ಡುಗಳೂ ಎಲ್ಲವೂ ಕನ್ನಡಿಯಷ್ಟು ಸಪಾಟಾಗಿರುವುದಿಲ್ಲ. ಬ್ಯಾಕಪ್‌ನ ಅದೇ ತುಣುಕಿನ ಜೊತೆ ಹೋಲಿಸಿ ಕೇಳಿದೆ: ತಂಬೂರಿಯ ಝೇಂಕಾರ ಮಂಕಾಗಿಲ್ಲ, ಹೊಸ ಗೊರಗೊರ ಇಲ್ಲ, ಷಡ್ಜ ನಿಂತಲ್ಲಿ ನಿಂತಿದೆ. ವಿಡಿಯೋ ಕಾಲ್‌ನಲ್ಲಿ ಕೇಳಿಸಿದಾಗ ದೊಡ್ಡಮ್ಮ ಹತ್ತು ನಿಮಿಷ ಮಾತೇ ಆಡಲಿಲ್ಲ. ಆಮೇಲೆ, 'ಇನ್ನೊಂದು ಮಗ್ಗಲೂ ಹಚ್ಚು' ಎಂದರು.

ಎಲ್ಲ ರೆಕಾರ್ಡೂ ಹೀಗೆ ಒಲಿಯುವುದಿಲ್ಲ. ಒಂದೇ ಕಡೆ ಚೂಪಾಗಿ ಚಿವುಟಿದಂತೆ ಎದ್ದಿದ್ದರೆ ಎರಡು ಪ್ರಯತ್ನದ ಮೇಲೆ ಬಿಟ್ಟುಬಿಡುವುದು ಜಾಣತನ.

ನೆಟ್ಟಗಾದದ್ದು ಮತ್ತೆ ಸೊಟ್ಟಗಾಗದಿರಲು ಮೂರು ಅಭ್ಯಾಸ ಸಾಕು. ರೆಕಾರ್ಡುಗಳನ್ನು ಪುಸ್ತಕದಂತೆ ನೇರವಾಗಿ ನಿಲ್ಲಿಸಿ. ಓರೆಯೂ ಬೇಡ, ಒಂದರ ಮೇಲೊಂದು ಪೇರಿಸುವುದೂ ಬೇಡ. ಹೊಸದನ್ನು ತಂದ ದಿನವೇ ಬಿಗಿಯಾದ ಪ್ಲಾಸ್ಟಿಕ್ ಸುತ್ತು ಬಿಚ್ಚಿಬಿಡಿ. ಕೊಂಡು ಬರುವ ದಾರಿಯಲ್ಲಿ ಕಾಫಿಗೆ ನಿಲ್ಲಿಸುವುದಾದರೆ ಅದನ್ನೂ ಕೈಯಲ್ಲೇ ಹಿಡಿದು ಒಳಗೆ ಹೋಗಿ. ಬಿಸಿಲಲ್ಲಿ ನಿಂತ ಕಾರಿಗೆ ಓವನ್‌ನಂತೆ ಗುಂಡಿ ಇಲ್ಲ.